ಹೆರಿಗೆಯಾದ ಕೂಡಲೇ ತಾಯಿ ಕಾರ್ಡ್ ಮುಚ್ಚಿಡಬೇಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ತಂಗಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿಯೇ ಆಗುತ್ತಿದೆ, ಆ ಉಪಕಾರವನ್ನು ಮರೆತಿಲ್ಲ. ಆದರೆ ಇಷ್ಟು ಚಿಕ್ಕ ವಯಸ್ಸಿಗೆ ಆ ಯಂತ್ರದ ಪಕ್ಕ ಮಲಗುವ ಗತಿ ಅವಳಿಗೇಕೆ ಬಂತು?

ಚೊಚ್ಚಲ ಬಸಿರಿನಲ್ಲೇ ಅವಳ ಬಿ.ಪಿ. ಏರಿತ್ತು. ತಾಯಿ ಕಾರ್ಡಿನಲ್ಲಿ ಮೂತ್ರದ ಆಲ್ಬುಮಿನ್ ಎಂಬಲ್ಲಿ ನೀಲಿ ಶಾಯಿಯ ಎರಡು ಪ್ಲಸ್ ಗುರುತುಗಳು ಈಗಲೂ ಇವೆ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಹೆರಿಗೆಯ ನಂತರ ಮಗುವಿನ ಲಸಿಕೆಗೆಂದು ಆಶಾ ಕಾರ್ಯಕರ್ತೆ ಮನೆಗೇ ಬಂದರು. ಆ ಪ್ಲಸ್‌ಗಳು ಏನಾದವೆಂದು ಒಬ್ಬರೂ ಕೇಳಲಿಲ್ಲ. ಬಸಿರಿನಲ್ಲಿ ಬಿ.ಪಿ. ಬಂದವರಿಗೆ ಮುಂದೆ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಸುಸ್ತು ಎಂದು ಹೋದಾಗಲೆಲ್ಲ "ಹೆಂಗಸರಿಗೆ ರಕ್ತ ಕಡಿಮೆ ಇರುವುದು ಸಹಜ" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ಕಿಡ್ನಿ ಸೋತರೂ ರಕ್ತ ಕಡಿಮೆಯಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಒಬ್ಬ ವೈದ್ಯೆ ಮೂತ್ರ ಪರೀಕ್ಷೆ ಬರೆದುಕೊಟ್ಟರು. ಆ ದಿನದ ಕಥೆ ಕೇಳಿ, ಸ್ವಾಮಿ. ಲ್ಯಾಬಿನವರು ಡಬ್ಬಿ ಕೊಟ್ಟರು. ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಆಯಾ ಬಳಿ, ಆಯಾ ರಜೆ. ಗಂಡಸರ ಶೌಚಾಲಯಕ್ಕೆ ಚಿಲಕವಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ, ಅವಳು ಒಳಗೆ ಹೋದಳು. ಡಬ್ಬಿ ಹಿಡಿದು ಬರುವಷ್ಟರಲ್ಲಿ, "ಹನ್ನೆರಡಾಯಿತು, ನಾಳೆ ಬನ್ನಿ" ಎಂದರು. ಅದೇ ಕಿಟಕಿಯ ಪಕ್ಕದಲ್ಲಿ ಭಿತ್ತಿಪತ್ರ: ನೀರು ಹೆಚ್ಚು ಕುಡಿಯಿರಿ, ಮೂತ್ರ ತಡೆಹಿಡಿಯಬೇಡಿ!

ಬಿ.ಪಿ., ಶುಗರ್ ತಪಾಸಣೆಯ ಯೋಜನೆ ಇದೆ ಎನ್ನುತ್ತೀರಿ. ಅದು 30 ವರ್ಷ ತುಂಬಿದವರಿಗೆ. ನನ್ನ ತಂಗಿಗೆ ಡಯಾಲಿಸಿಸ್ ಶುರುವಾದದ್ದು 29ಕ್ಕೆ. ಇನ್ನೊಂದು ವರ್ಷ ತಾಳಿಕೊಳ್ಳದೆ ಹೋದದ್ದು ಅವಳದೇ ತಪ್ಪಿರಬೇಕು.

ಈಗ ನಮ್ಮಮ್ಮ ತನ್ನ ಕಿಡ್ನಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಈ ದೇಶದಲ್ಲಿ ಕಿಡ್ನಿ ಕೊಡುವ ಸಾಲಿನಲ್ಲಿ ಹೆಂಗಸರೇ ಹೆಚ್ಚು, ಪಡೆಯುವ ಸಾಲಿನಲ್ಲಿ ಗಂಡಸರೇ ಹೆಚ್ಚು. ಅದು ಬೇರೆ ಪತ್ರದ ವಿಷಯ.

ನಾನು ಕೇಳುವುದು ಇಷ್ಟೇ. ಬಸಿರಿನಲ್ಲಿ ಬಿ.ಪಿ. ಬಂದ ಪ್ರತಿ ತಾಯಿಯನ್ನೂ ಹೆರಿಗೆಯಾಗಿ ಮೂರು ತಿಂಗಳಿಗೆ ಕರೆಸಿ ಬಿ.ಪಿ., ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿ. ಆಮೇಲೆ ವರ್ಷಕ್ಕೊಮ್ಮೆ ನೋಡಿ. ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ಇದ್ದೇ ಇದೆ, ಅದೇ ದಿನ ಇವರನ್ನೂ ಕರೆಸಿ. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ, ನಿಮ್ಮ ಭಾವಚಿತ್ರವಿರುವ ಫ್ಲೆಕ್ಸೂ ಬೇಡ. ಹೆಸರು, ಫೋನ್ ನಂಬರ್ ಎಲ್ಲವೂ ತಾಯಿ ಕಾರ್ಡಿನಲ್ಲೇ ಇವೆ. ಕರೆಸಿ, ಅಷ್ಟೇ. ಸುತ್ತೋಲೆ ಯಾವಾಗ ಹೊರಡಿಸುತ್ತೀರಿ ಎಂದು ದಿನಾಂಕ ಸಮೇತ ತಿಳಿಸಿ.

ಇಂತಿ,
ಡಯಾಲಿಸಿಸ್ ರೋಗಿಯೊಬ್ಬಳ ಅಕ್ಕ