ಗ್ರೊಟ್ಟೊದ ದೀಪ ಕಣ್ಣಿಗೆ ಹೊಡೆಯದಿರಲಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಎಷ್ಟೋ ಚರ್ಚ್‌ಗಳ ಆವರಣದಲ್ಲಿ ಲೂರ್ದ್ ಮಾತೆಯ ಗ್ರೊಟ್ಟೊ, ಅಂದರೆ ಮೇರಿ ಮಾತೆಯ ಪ್ರತಿಮೆಯಿರುವ ಗುಹೆಯಂಥ ಗುಡಿ ಇದೆ. ಕೆಲವು ಕಡೆ ಅದರ ಸುತ್ತ ಪ್ರಾರ್ಥನೆಯ ತೋಟವನ್ನೂ ಮಾಡಿದ್ದಾರೆ. ಕಲ್ಲುಬೆಂಚು, ಹೂಗಿಡ, ಗುಡ್ಡವಿದ್ದರೆ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳು. ನೋಡಿದರೆ ಖುಷಿಯಾಗುತ್ತದೆ. ಆದರೆ ಅಲ್ಲಿ ಹಾಕುವ ದೀಪಗಳ ಬಗ್ಗೆ ಮನಸ್ಸಿನಲ್ಲಿದ್ದುದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನ ಅಮ್ಮನಿಗೆ 78 ವರ್ಷ. ಸಂಜೆ ಗ್ರೊಟ್ಟೊ ಎದುರು ಕೂತು ಜಪಮಾಲೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಾವು ಮನೆಯಲ್ಲಿ ಅದಕ್ಕೆ ತೇರ್ಸ್ ಅನ್ನುತ್ತೇವೆ. ಕಳೆದ ವರ್ಷ ನಮ್ಮ ಚರ್ಚ್‌ಗೆ ದಾನಿಗಳ ನೆರವಿನಿಂದ ನಾಲ್ಕು ದೊಡ್ಡ ಎಲ್‌ಇಡಿ ಫ್ಲಡ್‌ಲೈಟ್ ಬಂದವು. ಕೊಟ್ಟವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಕಂಬದ ಮೇಲಿಂದ ಆ ಬಿಳಿ ಬೆಳಕು ನೇರ ಮುಖಕ್ಕೇ ಹೊಡೆಯುತ್ತದೆ. ಅಷ್ಟು ಬೆಳಕಿದ್ದೂ ಅಮ್ಮ ಮೆಟ್ಟಿಲು ಕಾಣದೆ ಎಡವಿ ಬಿದ್ದರು. ಕಣ್ಣು ಕುಕ್ಕಿದರೆ ಕಾಲಡಿಯ ಮುರಕಲ್ಲು ಬರೀ ಕಪ್ಪಾಗಿ ಕಾಣುತ್ತದೆ. ವಯಸ್ಸಾದ ಕಣ್ಣು ಬೆಳಕಿನಿಂದ ನೆರಳಿಗೆ ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕು. ಪೊರೆ ಬಂದಿದ್ದರಂತೂ ಇನ್ನೂ ಕಷ್ಟ. ಸಂಜೆ ತೋಟಕ್ಕೆ ಬರುವವರಲ್ಲಿ ಹೆಚ್ಚಿನವರು ಇಂಥ ಹಿರಿಯರೇ ಅಲ್ವಾ? ಅಮ್ಮ ಈಗ ಮನೆಯಲ್ಲೇ ಕೂತು ತೇರ್ಸ್ ಹೇಳುತ್ತಾರೆ.

ಇದಕ್ಕೆ ಜಾಸ್ತಿ ಖರ್ಚೇನೂ ಬೇಕಿಲ್ಲ. ಮೊಣಕಾಲೆತ್ತರದಲ್ಲಿ, ಮೇಲೆ ಮುಚ್ಚಿಗೆಯಿರುವ ಸಣ್ಣ ದೀಪಗಳು ಸಾಕು. ಬೆಳಕು ಮೆಟ್ಟಿಲಿನ ಅಂಚಿಗೆ ಬೀಳಬೇಕು, ಬಲ್ಬ್ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 6500 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಬೆಳಕು ಕೆಂಪಗೆ) 'ಕೂಲ್ ಡೇಲೈಟ್'. ಅದು ಆಫೀಸಿಗೆ ಸರಿ. ತೋಟಕ್ಕೆ 2700 ಅಥವಾ 3000 ಕೆಲ್ವಿನ್‌ನ 'ವಾರ್ಮ್ ವೈಟ್' ಕೇಳಿ ತರಬೇಕು. ಮೇಣದಬತ್ತಿಯ ಜ್ವಾಲೆ ಇನ್ನೂ ಕೆಂಪು, ಸುಮಾರು 1900. ಬಿಳಿ ಫ್ಲಡ್‌ಲೈಟ್ ಕೆಳಗೆ ನೂರು ಮೇಣದಬತ್ತಿ ಹಚ್ಚಿಟ್ಟರೂ ಉರಿಯುತ್ತಿವೆಯೋ ಇಲ್ಲವೋ ಗೊತ್ತಾಗುವುದಿಲ್ಲ. 1858ರಲ್ಲಿ ಬರ್ನಾದೆತ್ ಎಂಬ ಹುಡುಗಿಗೆ ಮಾತೆಯ ದರ್ಶನವಾದ, ಫ್ರಾನ್ಸ್‌ನ ಲೂರ್ದ್‌ನಲ್ಲೇ ಇವತ್ತಿಗೂ ಜನ ರಾತ್ರಿ ಮೇಣದಬತ್ತಿ ಹಿಡಿದು ಮೆರವಣಿಗೆ ಹೋಗುತ್ತಾರೆ. ಸುತ್ತ ಕತ್ತಲಿದ್ದರೇ ಅದಕ್ಕೆ ಕಳೆ.

ಮಾತೆಯ ಪ್ರತಿಮೆಗೂ ಎದುರಿನಿಂದ ಬೆಳಕು ಬಿಟ್ಟರೆ ಮುಖ ಚಪ್ಪಟೆಯಾಗುತ್ತದೆ. ನೆಲದಿಂದ ಮೇಲಕ್ಕೆ ಬಿಟ್ಟರೆ ಮಕ್ಕಳು ಹೆದರುವ ಹಾಗೆ ಕಾಣುತ್ತದೆ. ಒಂದು ಬದಿಯಲ್ಲಿ, ಸ್ವಲ್ಪ ಮೇಲಿನಿಂದ ಒಂದೇ ಸಣ್ಣ ದೀಪ ಇಟ್ಟು ನೋಡಿ. ಮೇಲುಡುಗೆಯ ನೆರಿಗೆ, ಜೋಡಿಸಿದ ಕೈ, ನೀಲಿ ಪಟ್ಟಿ ಎಲ್ಲ ಕಾಣುತ್ತವೆ.

ಶಿಲುಬೆ ಹಾದಿಗೆ ಬೇರೆ ಸ್ವಿಚ್ ಇರಲಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಹಾಕಿದರಾಯಿತು, ವರ್ಷವಿಡೀ ಗುಡ್ಡವೆಲ್ಲ ಬೆಳಗಬೇಕಾಗಿಲ್ಲ. ಮೊದಲ ಮಳೆ ಬಿದ್ದ ಸಂಜೆ ಮಳೆಹುಳು ಮುತ್ತುತ್ತವೆ ಅಂತ ನಾವು ಮನೆಯ ಲೈಟ್ ಆರಿಸುತ್ತೇವೆ. ಹುಳಗಳಿಗೆ ಬೆಳಕು, ಅದರಲ್ಲೂ ನೀಲಿ ಜಾಸ್ತಿ ಇರುವ ಬಿಳಿ ಬೆಳಕು, ಏನು ಮಾಡುತ್ತದೆ ಅಂತ ನಮಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ. ಮಿಂಚುಹುಳುಗಳು ಸಂಗಾತಿಯನ್ನು ಕರೆಯುವುದೇ ಮಿನುಗಿ. ಹಲಸಿನ ಮರಕ್ಕೆ ಲೈಟ್ ಬಿಟ್ಟರೆ ಆ ಕರೆ ಯಾರಿಗೂ ಕಾಣುವುದಿಲ್ಲ.

ಇನ್ನು ವೈರಿಂಗ್. ನಮ್ಮ ಮಳೆಗೆ 230 ವೋಲ್ಟ್ ವೈರನ್ನು ಹೂಗಿಡದ ಮಧ್ಯೆ ಸುಮ್ನೆ ಎಳೆಯಬೇಡಿ. 12 ವೋಲ್ಟ್‌ನ ದೀಪ ಹಾಕಿ, ಮೇನ್‌ನಲ್ಲಿ 30 ಮಿಲಿಆಂಪ್ ಕರೆಂಟ್ ಸೋರಿದರೆ ಟ್ರಿಪ್ ಆಗುವ ಬ್ರೇಕರ್ ಇರಲಿ.

ಚರ್ಚ್‌ಗಳ ಫಾದರ್‌ಗಳಲ್ಲಿ, ಪಾಲನಾ ಮಂಡಳಿಯವರಲ್ಲಿ ನನ್ನದೊಂದು ಕೋರಿಕೆ. ಕಂಬ ನೆಡುವ ಮುಂಚೆ ಒಂದು ಸಂಜೆ ಉದ್ದ ವೈರ್‌ಗೆ ಎರಡು ಮೂರು ದೀಪ ಕಟ್ಟಿ, ಬೇರೆ ಬೇರೆ ಕಡೆ ಇಟ್ಟು ನೋಡಿ. ಊರಿನ ಹಿರಿಯರನ್ನು ಮೆಟ್ಟಿಲು ಹತ್ತಿಸಿ, ಬೆಂಚಿನಲ್ಲಿ ಕೂರಿಸಿ ಕೇಳಿ. ನಮ್ಮ ಚರ್ಚ್‌ನಲ್ಲಿ ಹಾಗೆ ಮಾಡುವುದಾದರೆ ಅಮ್ಮನನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ಓದುಗಿ, ಉಡುಪಿ ಜಿಲ್ಲೆ