ನೋಟಿಸ್ ಓದಲಿಲ್ಲ ಅಂತ ಬೈಸಿಕೊಂಡವರ ಪರವಾಗಿ

(2021ರ ಮೇ ತಿಂಗಳ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಬರೆದ ಪತ್ರ)

ಮಾನ್ಯ ಸಂಪಾದಕರೇ,

ನಿನ್ನೆಯ ಪತ್ರಿಕೆಯಲ್ಲಿ ನಮ್ಮ ನೀರಿನ ಟ್ಯಾಂಕ್ ಹತ್ತಿರದ ಲಸಿಕಾ ಕೇಂದ್ರದ ಗಲಾಟೆಯ ಸುದ್ದಿ ಓದಿದೆ. ಗಲಾಟೆ ಆಗಿದ್ದು ನಿಜ. ಗೇಟು ತಳ್ಳಿದ್ದೂ ನಿಜ. ಆದರೆ ‘ನೋಟಿಸ್ ಹಾಕಿದ್ದೇವೆ, ಜನ ಓದುವುದಿಲ್ಲ, ಅರಿವಿನ ಕೊರತೆ ಇದೆ’ ಎಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ನೀವು ಹಾಗೇ ಅಚ್ಚು ಹಾಕಿಬಿಟ್ಟಿರಲ್ಲ, ಅದನ್ನು ಓದಿ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಆ ನೋಟಿಸ್ ಯಾವ ಭಾಷೆಯಲ್ಲಿತ್ತು ಅಂತ ನಿಮ್ಮ ವರದಿಗಾರರು ಒಂದು ಸಲ ಕತ್ತೆತ್ತಿ ನೋಡಬಹುದಿತ್ತು. ಇಂಗ್ಲಿಷ್. ಪೂರ್ತಿ ಇಂಗ್ಲಿಷ್. ಕೆಳಗೆ ಒತ್ತಿದ ಸೀಲು ಮಾತ್ರ ಕನ್ನಡದಲ್ಲಿತ್ತು.

ಆ ಸಾಲಿನಲ್ಲಿ ನಾನೂ ಇದ್ದೆ. ಜೊತೆಗೆ ನಮ್ಮ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಮಂಡಿ ನೋವು ಬೇರೆ. ಆಟೊ ಇಲ್ಲ, ಲಾಕ್‌ಡೌನ್. ಸ್ಕೂಟರಿನಲ್ಲಿ ಹೋದರೆ ಸರ್ಕಲ್‌ನಲ್ಲಿ ಪೊಲೀಸರು ನಿಲ್ಲಿಸಿ ಮೊಬೈಲ್ ಮೆಸೇಜ್ ತೋರಿಸಿ ಅಂದರು. ತೋರಿಸಿದೆ. ಅದೂ ಇಂಗ್ಲಿಷಿನಲ್ಲೇ ಇತ್ತು, ಅವರೂ ನನ್ನ ಮುಖ ನೋಡಿದರು. ಸದ್ಯ ಬಿಟ್ಟರು. ಮನೆಗೆ ಸಾಮಾನು ತರುವುದಿದ್ದರೆ ಬೆಳಿಗ್ಗೆ ಆರರಿಂದ ಹತ್ತರೊಳಗೆ ತರಬೇಕು, ಲಸಿಕೆಗೆ ಟೋಕನ್ ಕೊಡುವುದೂ ಅದೇ ಹೊತ್ತಿಗೆ. ಹಾಲು ತರುವುದೋ, ಟೋಕನ್ ತಗೊಳ್ಳುವುದೋ? ಚಂಡಮಾರುತದ ಮಳೆ ಬೇರೆ ಜಿನುಗುತ್ತಿತ್ತು. ಶಾಮಿಯಾನ ಹಾಕಿದ್ದರು, ಸಿಬ್ಬಂದಿಯ ಬೈಕ್‌ಗಳಿಗೆ.

ಗೇಟಿನ ಹತ್ತಿರ ಬಂದಾಗ ಸೆಕ್ಯುರಿಟಿ ಹುಡುಗ ‘ಬೋರ್ಡ್ ನೋಡಿ ಆಂಟಿ’ ಅಂದ. ನೋಡಿದೆ. ‘ಸೆಕೆಂಡ್ ಡೋಸ್ ಡ್ಯೂ ಬೆನಿಫಿಷಿಯರೀಸ್ ಓನ್ಲಿ, ರಿವೈಸ್ಡ್ ಇಂಟರ್ವಲ್ ಅಪ್ಲಿಕಬಲ್, ನೋ ವಾಕ್-ಇನ್.’ ನಾನು ಪಿಯುಸಿ ಓದಿದವಳು, ಟೈಲರಿಂಗ್ ಅಂಗಡಿ ನಡೆಸುತ್ತೇನೆ, ಅಕ್ಷರ ಕೂಡಿಸಿ ಓದಿದೆ. ಹಿಂದೆ ನಿಂತಿದ್ದ ಹೂ ಮಾರುವ ಅಮ್ಮ ಏನು ಓದಬೇಕು? ಆ ಹುಡುಗನನ್ನೇ ‘ಇದರ ಅರ್ಥ ಏನಪ್ಪ’ ಅಂತ ಕೇಳಿದೆ. ‘ಇವತ್ತು ನಿಮಗೆ ಇಲ್ಲ ಅಂತ’ ಅಂದ. ಅವನಿಗೂ ಗೊತ್ತಿಲ್ಲ, ಪಾಪ.

ವಿಷಯ ಇಷ್ಟೇ: ಎರಡನೇ ಡೋಸಿನ ದಿನ ಬಂದವರಿಗೆ ಮಾತ್ರ, ಡೋಸ್‌ಗಳ ನಡುವಿನ ಅಂತರ ಬದಲಾಗಿದೆ, ಬುಕ್ ಮಾಡದೆ ಬರಬೇಡಿ. ಅತ್ತೆಗೆ ಏಪ್ರಿಲ್ ಮೊದಲ ವಾರದಲ್ಲಿ ಕೋವಿಶೀಲ್ಡ್ ಅನ್ನುವ ಲಸಿಕೆಯ ಮೊದಲ ಡೋಸ್ ಆಗಿತ್ತು. ಆಗ 6ರಿಂದ 8 ವಾರಕ್ಕೆ ಎರಡನೆಯದು ಅಂದಿದ್ದರು. ಮೇ 13ಕ್ಕೆ ಕೇಂದ್ರ ಸರ್ಕಾರ ಅದನ್ನು 12ರಿಂದ 16 ವಾರ ಮಾಡಿತು. ಒಳ್ಳೆಯದೇ ಇರಬಹುದು, ಅಂತರ ಜಾಸ್ತಿಯಾದರೆ ಲಸಿಕೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತಜ್ಞರು ಹೇಳಿದ್ದಾರಂತೆ. ಕೊವ್ಯಾಕ್ಸಿನ್‌ಗೆ ಈ ಬದಲಾವಣೆ ಇಲ್ಲ, ಅದು ಬೇರೆ ಲಸಿಕೆ, ಅದಕ್ಕೆ ಹಳೆಯ ನಾಲ್ಕರಿಂದ ಆರು ವಾರವೇ. ಇದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಗೇಟಿಗೆ ಅಂಟಿಸಿದ್ದರೆ ಅರ್ಧ ಸಾಲು ಅಲ್ಲೇ ಕರಗಿ ಮನೆಗೆ ಹೋಗುತ್ತಿತ್ತು. ಯಾರೂ ಗೇಟು ತಳ್ಳುತ್ತಿರಲಿಲ್ಲ.

ತಮಾಷೆ ಇನ್ನೂ ಇದೆ. ಮೊದಲೇ ಬುಕ್ ಮಾಡಿದವರ ದಿನ ರದ್ದಾಗಿಲ್ಲ, ಅವರನ್ನು ವಾಪಸ್ ಕಳಿಸಬೇಡಿ ಎಂದು ಮೇ 16ರಂದು ಅದೇ ಕೇಂದ್ರ ಸರ್ಕಾರ ಹೇಳಿದೆ. ನಿಮ್ಮ ಪತ್ರಿಕೆಯಲ್ಲೇ ಮೂಲೆಯಲ್ಲಿ ಬಂದಿತ್ತು. ನಮ್ಮ ಅತ್ತೆಯ ಹೆಸರಿನಲ್ಲಿ ಮಗ ಮೊದಲೇ ಬುಕ್ ಮಾಡಿದ್ದ. ಆ ಪೇಪರ್ ತುಂಡನ್ನೂ ಮೆಸೇಜನ್ನೂ ತೋರಿಸಿದರೆ ಒಳಗಿನ ಮೇಡಂ ‘ಸಿಸ್ಟಂ ತಗೊಳ್ಳಲ್ಲ’ ಅಂದರು. ಹಾಗಾದರೆ ಅರಿವಿನ ಕೊರತೆ ಯಾರಿಗೆ ಇರುವುದು? ಸರ್ಕಾರದ ಆದೇಶ ಓದಿಕೊಂಡು ಹೋದ ನಮಗಾ, ಓದದೆ ಕೂತವರಿಗಾ?

ಲಸಿಕೆಗೆ ಬುಕ್ ಮಾಡುವ ಕೋವಿನ್ ವೆಬ್‌ಸೈಟಿನ ವಿಷಯಕ್ಕೆ ಬರುತ್ತೇನೆ. ಜನವರಿ 16ಕ್ಕೆ ಲಸಿಕೆ ಶುರುವಾಯಿತು. ಈಗ ಮೇ ಮುಗಿಯುತ್ತಾ ಬಂತು. ಇವತ್ತಿಗೂ ಆ ವೆಬ್‌ಸೈಟ್ ಇಂಗ್ಲಿಷಿನಲ್ಲೇ ಇದೆ. ಹಿಂದಿ ಮತ್ತು 14 ಭಾಷೆಗಳಲ್ಲಿ ಮುಂದಿನ ವಾರ ಬರುತ್ತದೆ ಎಂದು ಮೊನ್ನೆ 17ಕ್ಕೆ ಕೇಂದ್ರ ಆರೋಗ್ಯ ಸಚಿವರು ಹೇಳಿದರು. ಬರಲಿ, ಆರತಿ ತಟ್ಟೆ ಹಿಡಿದು ಕಾಯುತ್ತೇವೆ. ಅಷ್ಟರಲ್ಲಿ ನಮ್ಮ ಬೀದಿಯ ಅರ್ಧ ಜನ ನನ್ನ ಅಂಗಡಿಯ ಬಾಗಿಲಿಗೆ ಫೋನ್ ಹಿಡಿದು ಬಂದಾಯಿತು. ‘ಅಕ್ಕಾ, ಒಟಿಪಿ ಬಂತು, ಎಲ್ಲಿ ಹಾಕಲಿ?’ ‘ಅಕ್ಕಾ, ಇದು ಹಸಿರು ಇದೆ, ಒತ್ತಲಾ?’ ಈಗ ಮೇ 8ರಿಂದ ನಾಲ್ಕು ಅಂಕಿಯ ಇನ್ನೊಂದು ಕೋಡ್ ಸೇರಿಸಿದ್ದಾರೆ. ಒಟಿಪಿ ಹಾಕಬೇಕಾದ ಕಡೆ ಕೋಡು, ಕೋಡು ಹೇಳಬೇಕಾದ ಕಡೆ ಒಟಿಪಿ. ನಾನು ರವಿಕೆ ಹೊಲಿಯುವುದು ಬಿಟ್ಟು ಸರ್ಕಾರದ ಕೆಲಸ ಮಾಡುತ್ತಿದ್ದೇನೆ, ಸಂಬಳ ಎಲ್ಲಿ ಅಂತ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ನಮ್ಮ ರಾಜ್ಯದಲ್ಲಿ 18ರಿಂದ 44 ವರ್ಷದವರಿಗೆ ಲಸಿಕೆಯನ್ನು ಮೇ 10ಕ್ಕೆ ಶುರು ಮಾಡಿ 14ಕ್ಕೆ ನಿಲ್ಲಿಸಿದ್ದು ನಿಮಗೆ ಗೊತ್ತೇ ಇದೆ. ನನ್ನ ಮಗನಿಗೆ ಸ್ಲಾಟ್ ಸಿಕ್ಕಿತ್ತು, ಹೋಯಿತು. ಅದರ ಬಗ್ಗೆ ಹೇಳಿ ಪ್ರಯೋಜನವಿಲ್ಲ.

ಈಗ ನಿಮ್ಮ ಮೇಲೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸರ್ಕಾರದ ಬುಲೆಟಿನ್ ಬಂದ ಹಾಗೇ ಹಾಕಿಬಿಡುತ್ತೀರಿ. ‘ಪಾಸಿಟಿವಿಟಿ ರೇಟ್’, ‘ಕೇಸ್ ಫೇಟಾಲಿಟಿ ರೇಟ್’ ಅಕ್ಕಪಕ್ಕ. ಈ ತಿಂಗಳ 5ನೇ ತಾರೀಕು ರಾಜ್ಯದಲ್ಲಿ ಒಂದೇ ದಿನ ಹೊಸ ಸೋಂಕು 50 ಸಾವಿರ ದಾಟಿತಲ್ಲ, ಆಗ ಪಾಸಿಟಿವಿಟಿ ಶೇಕಡಾ 30ರ ಮೇಲೆ ಹೋಗಿತ್ತು. ಪಕ್ಕದ ಮನೆಯ ಹಿರಿಯರು ಅದನ್ನು ಓದಿ ನೂರರಲ್ಲಿ ಮೂವತ್ತು ಜನ ಸಾಯುತ್ತಾರೆ ಅಂದುಕೊಂಡು ಊಟ ಬಿಟ್ಟರು. ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಜನಕ್ಕೆ ಸೋಂಕು ಅನ್ನುವುದು ಒಂದು ಲೆಕ್ಕ. ಸೋಂಕು ಬಂದ ನೂರರಲ್ಲಿ ಎಷ್ಟು ಸಾವು ಅನ್ನುವುದು ಬೇರೆ ಲೆಕ್ಕ, ಅದು ತೀರಾ ಸಣ್ಣದು. ಇದನ್ನು ಅವರಿಗೆ ಹೇಳಿದವರು ಡಾಕ್ಟರಲ್ಲ, ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಆಮೇಲೆ ಅವರು ಒಂದು ಲೋಟ ಗಂಜಿ ಕುಡಿದರು.

‘ಎಫಿಕಸಿ’ ಅಂತ ಇನ್ನೊಂದು. ಕೋವಿಶೀಲ್ಡ್‌ಗೆ ಸುಮಾರು 70 ಪರ್ಸೆಂಟ್ ಅಂತ ಬರೆದಿರಿ. ನಮ್ಮ ಮನೆ ಮಾಲೀಕರು ‘ಹಾಗಾದ್ರೆ ಚುಚ್ಚಿಸಿಕೊಂಡ ನೂರರಲ್ಲಿ ಮೂವತ್ತು ಜನಕ್ಕೆ ಕೊರೊನಾ ಗ್ಯಾರಂಟಿ’ ಅಂತ ಹಠ ಹಿಡಿದು ಕೂತಿದ್ದಾರೆ, ಇನ್ನೂ ಮೊದಲ ಡೋಸ್ ತಗೊಂಡಿಲ್ಲ. ಲಸಿಕೆ ಇಲ್ಲದ ಗುಂಪಿನಲ್ಲಿ ನೂರು ಜನ ಕಾಯಿಲೆ ಬೀಳುವಾಗ, ಅಷ್ಟೇ ದೊಡ್ಡ ಲಸಿಕೆ ಹಾಕಿದ ಗುಂಪಿನಲ್ಲಿ ಸುಮಾರು ಮೂವತ್ತು ಜನ ಬೀಳುತ್ತಾರೆ ಅಂತ ಅದರ ಅರ್ಥವಂತೆ. ಇದನ್ನು ಬರೆಯಲು ಎಷ್ಟು ಜಾಗ ಬೇಕು? ರಾಶಿ ಭವಿಷ್ಯಕ್ಕೆ ಕೊಡುವಷ್ಟೂ ಬೇಡ. ‘ಡಬಲ್ ಮ್ಯುಟೆಂಟ್’ ಅಂತ ಟಿವಿಯವರು ಕೂಗಿದಾಗ ಅತ್ತೆ ಎರಡು ಥರ ಕೊರೊನಾ ಒಟ್ಟಿಗೆ ಬರುತ್ತದೆ ಅಂತ ಹೆದರಿದ್ದರು; ಎರಡು ಕಡೆ ಬದಲಾವಣೆ ಆದ ಒಂದೇ ವೈರಸ್ ಅಂತ ಅದರ ಅರ್ಥವಂತೆ. ಈಗ ಬ್ಲ್ಯಾಕ್ ಫಂಗಸ್ ಅನ್ನುವ ಬೂಷ್ಟಿನ ಸೋಂಕು ಬಂದಿದೆ. ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟೀರಾಯ್ಡ್ ಜಾಸ್ತಿ ತಗೊಂಡವರಿಗೆ ಅಪಾಯ ಹೆಚ್ಚು ಅನ್ನುವುದೇ ಮುಖ್ಯ ವಿಷಯ. ಅದನ್ನು ಹುಡುಕಬೇಕಾದರೆ ‘ಮ್ಯುಕರ್‌ಮೈಕೋಸಿಸ್’ ಅನ್ನುವ ಅದೇ ಕಾಯಿಲೆಯ ಇನ್ನೊಂದು ಹೆಸರು, ‘ಲಿಪೊಸೋಮಲ್ ಆಂಫೊಟೆರಿಸಿನ್’ ಅನ್ನುವ ಅದರ ಔಷಧಿಯ ಹೆಸರು ದಾಟಿಕೊಂಡು ಕೊನೆಯ ಸಾಲಿಗೆ ಹೋಗಬೇಕು.

ಇವೆಲ್ಲ ಇಂಗ್ಲಿಷ್ ಮಾತುಗಳನ್ನು ಕನ್ನಡ ಮಾಡಿ ಅಂತ ನಾನು ಹೇಳುತ್ತಿಲ್ಲ. ಡೋಸ್ ಅಂದರೆ ಎಲ್ಲರಿಗೂ ಗೊತ್ತು, ಆಕ್ಸಿಜನ್ ಅಂದರೂ ಗೊತ್ತು. ‘ಸಹ-ಅಸ್ವಸ್ಥತೆ’ ಅಂತ ಬರೆದರೆ ‘ಕೋಮಾರ್ಬಿಡಿಟಿ’ಗಿಂತ ಕಷ್ಟ. ಸಕ್ಕರೆ, ಬಿಪಿ, ಹಾರ್ಟು, ಕಿಡ್ನಿ ತೊಂದರೆ ಇದ್ದರೆ ಅಂತ ಬರೆಯಿರಿ, ಮುಗಿಯಿತು. ಮಾರ್ಚ್ ತಿಂಗಳಲ್ಲಿ 45ರಿಂದ 59 ವರ್ಷದವರು ಲಸಿಕೆಗೆ ಕಾಯಿಲೆಯ ಸರ್ಟಿಫಿಕೇಟ್ ತರಬೇಕಿತ್ತಲ್ಲ, ಆಗ ನನ್ನ ಗಿರಾಕಿಯೊಬ್ಬರು ತಮಗೆ ಆ ಇಂಗ್ಲಿಷ್ ಕಾಯಿಲೆ ಇಲ್ಲ ಅಂತ ಮನೆಯಲ್ಲೇ ಉಳಿದರು. ಹತ್ತು ವರ್ಷದಿಂದ ಇನ್ಸುಲಿನ್ ತಗೊಳ್ಳುವ ಹೆಂಗಸು.

ಅಧಿಕಾರಿಗಳಿಗೆ ಇದು ಹೊಸದೇನಲ್ಲ. ಕನ್ನಡ ಆಡಳಿತ ಭಾಷೆ ಅಂತ ಕಾಯ್ದೆ ಆಗಿದ್ದು 1963ರಲ್ಲಿ, ನಾನು ಹುಟ್ಟುವ ಮೊದಲೇ. ನವೆಂಬರ್ ಒಂದಕ್ಕೆ ಹಳದಿ ಕೆಂಪು ಶಾಲು ಹಾಕಿಕೊಂಡು ಮೈಕ್ ಹಿಡಿಯುತ್ತಾರೆ, ಎರಡನೇ ತಾರೀಕಿಗೆ ಫೈಲು ಇಂಗ್ಲಿಷ್. ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ ಇಷ್ಟು ದಿನದೊಳಗೆ ಕೆಲಸ ಮಾಡಿಕೊಡುತ್ತೇವೆ ಅನ್ನುವ ‘ಸಕಾಲ’ ಯೋಜನೆಯ ಚೀಟಿ ಕೊಟ್ಟರು, ದಿನ ಮುಗಿದ ಮೇಲೆ ಕೇಳಿದರೆ ‘ರಿಜೆಕ್ಟೆಡ್, ಇನ್‌ಕಂಪ್ಲೀಟ್’ ಅಂತ ಬರೆದು ವಾಪಸ್ ಕೊಟ್ಟರು. ಏನು ಇನ್‌ಕಂಪ್ಲೀಟ್? ಅದನ್ನು ಹೇಳುವವರು ರಜೆಯಲ್ಲಿದ್ದರು. ರೇಷನ್ ಅಂಗಡಿಯಲ್ಲಿ ಅತ್ತೆಯ ಬೆರಳು ಮೆಷಿನ್ ತಗೊಳ್ಳುವುದಿಲ್ಲ, ಪರದೆ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಬರುತ್ತದೆ, ಅಂಗಡಿಯವರು ‘ನಾಳೆ ಬನ್ನಿ’ ಅಂತಾರೆ. ನಮ್ಮ ಎರಡನೇ ಅಡ್ಡರಸ್ತೆಯ ಯುಜಿಡಿ (ಒಳಚರಂಡಿ) ಗುಂಡಿಯ ಕಥೆಯನ್ನು ನೀವೇ ಫೋಟೊ ಹಾಕಿ ಬರೆದಿದ್ದಿರಿ. ಗುಂಡಿ ಇನ್ನೂ ಹಾಗೇ ಇದೆ, ಪಕ್ಕದಲ್ಲಿ ‘ವರ್ಕ್ ಇನ್ ಪ್ರೋಗ್ರೆಸ್’ ಬೋರ್ಡ್ ಮಾತ್ರ ಹೊಸದು. ಬೋರ್ಡ್ ಬರೆಸಲು ಇವರ ಹತ್ತಿರ ಯಾವಾಗಲೂ ದುಡ್ಡು ಇರುತ್ತದೆ.

ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ಕಳೆದ ತಿಂಗಳು ಬೆಡ್ ಬೇಕಾದಾಗ ‘ಬಿಯು ನಂಬರ್ ಇದೆಯಾ, ಎಸ್‌ಆರ್‌ಎಫ್ ಐಡಿ ಇದೆಯಾ’ ಅಂತ ಕೇಳಿದರಂತೆ; ಒಂದು ಸೋಂಕಿತರಿಗೆ ಕೊಡುತ್ತಿದ್ದ ನಂಬರ್, ಇನ್ನೊಂದು ಪರೀಕ್ಷೆಗೆ ಕೊಟ್ಟ ಸ್ಯಾಂಪಲ್ಲಿನ ನಂಬರ್. ಅವನ ಹೆಂಡತಿ ಅವೆರಡೂ ಔಷಧಿ ಹೆಸರು ಅಂದುಕೊಂಡು ಮೆಡಿಕಲ್ ಶಾಪ್‌ಗೆ ಓಡಿದ್ದಳು. ಅವನು ಉಳಿದುಕೊಂಡ, ದೇವರು ದೊಡ್ಡವನು. ಆದರೆ ಅವಳನ್ನೂ ‘ಅರಿವಿಲ್ಲದವಳು’ ಅಂತ ಬರೆದುಬಿಡಬೇಡಿ.

ಆದ್ದರಿಂದ ಸಂಬಂಧಪಟ್ಟವರು ಲಸಿಕಾ ಕೇಂದ್ರದ ಗೇಟಿನಲ್ಲಿ ಇವತ್ತು ಯಾರಿಗೆ, ಯಾವ ಲಸಿಕೆ, ಎಷ್ಟು ಜನಕ್ಕೆ ಅಂತ ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಹಾಕಬೇಕು. ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳುವ ಒಬ್ಬರನ್ನು ನಿಲ್ಲಿಸಬೇಕು. ಅದೂ ಆಗದಿದ್ದರೆ ಆ ಹೇಳಿಕೆ ಕೊಟ್ಟ ಅಧಿಕಾರಿಯೇ ಬೆಳಿಗ್ಗೆ ಬಂದು ಮಳೆಯಲ್ಲಿ ಸಾಲಿನ ಕೊನೆಗೆ ನಿಂತು ಆ ನೋಟಿಸನ್ನು ಒಮ್ಮೆ ಗಟ್ಟಿಯಾಗಿ ಓದಲಿ, ನಾವು ಕೇಳುತ್ತೇವೆ. ಯುಜಿಡಿ ಗುಂಡಿಯನ್ನೂ ಮುಚ್ಚಿಸಿ. ನೀವೂ ಅಷ್ಟೇ, ಮುಂದಿನ ಸಲ ಜನರನ್ನು ಬೈಯುವ ಹೇಳಿಕೆ ಬಂದರೆ ಜನರನ್ನೂ ಒಂದು ಮಾತು ಕೇಳಿ ಆಮೇಲೆ ಅಚ್ಚು ಹಾಕಿ. ಕೇಳುವಷ್ಟು ಪುರುಸೊತ್ತು ನಿಮಗಾಗಲಿ ಅವರಿಗಾಗಲಿ ಇದ್ದರೆ ತಾನೇ!

ಇಂತಿ,
ಸಾಲಿನಲ್ಲಿ ನಿಂತು ವಾಪಸ್ ಬಂದ ಓದುಗರು,
ಎರಡನೇ ಅಡ್ಡರಸ್ತೆ, ನೀರಿನ ಟ್ಯಾಂಕ್ ಬಡಾವಣೆ