ಪೊದೆ ಕಡಿಯಬೇಡಿ, ಪ್ರಾಣಿಗೂ ಮರೆ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪತ್ನಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ತಾಯಿಯವರೊಂದಿಗೆ ಸಣ್ಣ ನಗರವೊಂದರ ಮೃಗಾಲಯಕ್ಕೆ ಹೋಗಿದ್ದೆ. ಎರಡು ವರ್ಷಗಳ ಹಿಂದೆ ನಾವು ಇದೇ ಮೃಗಾಲಯವನ್ನು ನೋಡಿದಾಗ ಚಿರತೆಯ ಆವರಣದ ಅರ್ಧ ಭಾಗ ಪೊದೆಗಳಿಂದ ತುಂಬಿತ್ತು. ಈ ಬಾರಿ ಅಲ್ಲಿ ಒಂದು ಒಣಮರದ ಕೊರಡು ಮತ್ತು ಬೋಳು ನೆಲ ಬಿಟ್ಟರೆ ಬೇರೇನೂ ಇರಲಿಲ್ಲ. ವಿಚಾರಿಸಿದಾಗ ಪಾಲಕರೊಬ್ಬರು, "ಪ್ರಾಣಿ ಕಾಣಿಸೋದೇ ಇಲ್ಲ ಅಂತ ಬಂದವರೆಲ್ಲ ದೂರು ಬರೆದಿಟ್ಟು ಹೋಗ್ತಿದ್ರು ಸಾರ್, ಅದಕ್ಕೇ ಕಡಿಸಿಬಿಟ್ರು" ಎಂದರು. ಈ ಪತ್ರ ಬರೆಯಲು ಅವರ ಆ ಮಾತೇ ಕಾರಣ.

ಚಿರತೆ ಬೇಲಿಯ ಉದ್ದಕ್ಕೂ ನಡೆಯುತ್ತಿತ್ತು. ತುದಿಗೆ ಹೋಗಿ, ಒಂದೇ ಜಾಗದಲ್ಲಿ ತಲೆಯನ್ನು ಒಂದೇ ರೀತಿ ಹೊರಳಿಸಿ, ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ಅದು ನಡೆದ ಜಾಗದಲ್ಲಿ ಒಂದು ಗೇಣಗಲದ ಮಣ್ಣು ಗಟ್ಟಿಯಾಗಿ ಹೊಳೆಯುತ್ತಿತ್ತು. ತಿರುಗುವ ಕಡೆ ಭುಜ ಉಜ್ಜಿ ಉಜ್ಜಿ ಗೋಡೆಯ ಬಣ್ಣ ಹೋಗಿ ಗಾರೆ ನುಣುಪಾಗಿತ್ತು. "ಎಷ್ಟು ಚುರುಕಾಗಿದೆ ನೋಡಪ್ಪಾ" ಎಂದು ಮಗ ಖುಷಿಪಟ್ಟ. ಸ್ವಲ್ಪ ಹೊತ್ತು ನೋಡುತ್ತಾ ನಿಂತ ನನ್ನ ತಾಯಿ, "ಅದಕ್ಕೆ ನೆಮ್ಮದಿ ಇಲ್ಲ ಕಣಪ್ಪ, ನಡಿ" ಎಂದರು. ತಾಯಿಯವರ ಮಾತೇ ಸರಿ. ಒಂದೇ ಚಲನೆಯನ್ನು ಗುರಿಯಿಲ್ಲದೆ ಮತ್ತೆ ಮತ್ತೆ ಮಾಡುವ ಈ ನಡವಳಿಕೆ ಸೆರೆಯಲ್ಲಿರುವ ಪ್ರಾಣಿಗಳ ಒತ್ತಡದ ಗುರುತೆಂದು ಪ್ರಾಣಿವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇದಕ್ಕೆ ಕಾರಣಗಳು ಹಲವು ಇರಬಹುದು ಮತ್ತು ಪೊದೆ ಕಡಿದದ್ದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ; ಆದರೆ ದಿನವಿಡೀ ನೂರಾರು ಜನರ ಕಣ್ಣೆದುರಿಗೇ ಇರಬೇಕಾದ, ಓಡಿಹೋಗಲೂ ಅಡಗಿಕೊಳ್ಳಲೂ ಜಾಗವಿಲ್ಲದ ಪ್ರಾಣಿಯ ಪಾಡು ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಬರ್ನ್, ಬಾಸೆಲ್ ಮತ್ತು ಜ್ಯೂರಿಕ್ ಮೃಗಾಲಯಗಳನ್ನು ಒಂದರ ನಂತರ ಒಂದರಂತೆ ನಡೆಸಿದ ಸ್ವಿಸ್ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಕಳೆದ ಶತಮಾನದ ಮೊದಲರ್ಧದಲ್ಲೇ ಈ ವಿಷಯವನ್ನು ಸ್ಪಷ್ಟವಾಗಿ ವಿವರಿಸಿದ್ದರು. ಶತ್ರು ಇಷ್ಟು ಹತ್ತಿರ ಬಂದರೆ ಓಡಬೇಕೆಂಬ ಒಂದು ಅಂತರ ಪ್ರತಿ ಕಾಡುಪ್ರಾಣಿಗೂ ಇರುತ್ತದೆ. ಆವರಣ ಆ ಅಂತರಕ್ಕಿಂತ ಚಿಕ್ಕದಾಗಿದ್ದು ಮರೆಯೂ ಇಲ್ಲದಿದ್ದರೆ, ಪ್ರಾಣಿ ಓಡಬೇಕೆನಿಸಿಯೂ ಓಡಲಾಗದ ಸ್ಥಿತಿಯಲ್ಲೇ ದಿನ ಕಳೆಯಬೇಕಾಗುತ್ತದೆ. ಅಂದರೆ ಜಾಗ ಚಿಕ್ಕದಾದಷ್ಟೂ ಮರೆಯ ಅಗತ್ಯ ಹೆಚ್ಚುತ್ತದೆ. ದೊಡ್ಡ ಮೃಗಾಲಯದ ಜಿಂಕೆಗೆ ದೂರ ಸರಿದು ನಿಲ್ಲಲು ಜಾಗವಾದರೂ ಇದ್ದೀತು, ಸಣ್ಣ ಮೃಗಾಲಯದ ಪ್ರಾಣಿಗೆ ಆ ಪೊದೆಯೇ ಎಲ್ಲ. ಉತ್ತರ ಅಮೆರಿಕದ ಮೃಗಾಲಯಗಳಲ್ಲಿದ್ದ ಮೋಡ ಚಿರತೆಗಳ (ಮರ ಏರುವ, ಬೆಕ್ಕಿನ ಜಾತಿಯ ಕಾಡುಪ್ರಾಣಿ) ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜನರ ಪ್ರದರ್ಶನಕ್ಕಿಟ್ಟ ಪ್ರಾಣಿಗಳ ಮಲದಲ್ಲಿ ಒತ್ತಡದ ಹಾರ್ಮೋನಿನ ಅಂಶ ಹೆಚ್ಚಾಗಿಯೂ, ಹೆಚ್ಚು ಎತ್ತರವಿದ್ದ ಆವರಣಗಳಲ್ಲಿ ಕಡಿಮೆಯಾಗಿಯೂ ಕಂಡುಬಂದಿತ್ತು.

ಹಾಗೆಂದು ಸಣ್ಣ ಮೃಗಾಲಯಗಳು ಬೇಡವೆಂದು ನಾನು ಹೇಳುವುದಿಲ್ಲ. ಮಂಡಿನೋವಿರುವ ನನ್ನ ತಾಯಿ ಅಲ್ಲಿ ಇಡೀ ಸುತ್ತನ್ನು ನಡೆದೇ ಮುಗಿಸಿದರು. ನೂರು ಪ್ರಾಣಿಗಳ ಹಿಂದೆ ಓಡುವ ಅವಸರವಿಲ್ಲದ ಕಾರಣ ಮಕ್ಕಳು ಒಂದೊಂದರ ಮುಂದೆಯೂ ಮನದಣಿಯೆ ನಿಂತರು. ಏಳು ವರ್ಷದ ಮಗಳು ಕಾಡುಬೆಕ್ಕಿನ ಗೂಡಿನೆದುರು ನಿಂತಳು. ಒಳಗೆ ಒಂದು ಮರದ ಪೆಟ್ಟಿಗೆ ಮತ್ತು ಅದರ ಮೇಲೆ ಒಣಹುಲ್ಲು ಮಾತ್ರ ಕಾಣುತ್ತಿತ್ತು. ಬಂದವರೆಲ್ಲ "ಖಾಲಿ" ಎಂದು ಮುಂದೆ ಹೋಗುತ್ತಿದ್ದರು. ಒಬ್ಬರು ಗಾಜನ್ನು ಉಂಗುರದ ಕೈಯಿಂದ ಟಕಟಕ ಬಡಿದೂ ನೋಡಿದರು. ಇವಳು ಮಾತ್ರ ಕದಲಲಿಲ್ಲ. ಸುಮಾರು ಹತ್ತು ನಿಮಿಷದ ನಂತರ ಪೆಟ್ಟಿಗೆಯ ಕಂಡಿಯಲ್ಲಿ ಒಂದು ಕಿವಿಯ ತುದಿ ಕಾಣಿಸಿತು. ಅದು ನಮ್ಮ ಕಡೆಗೊಮ್ಮೆ ತಿರುಗಿ ಮತ್ತೆ ಒಳಗೆ ಹೋಯಿತು. ಮನೆಗೆ ಬಂದ ಮೇಲೆ ಅವಳು ಬಿಡಿಸಿದ್ದು ಚಿರತೆಯನ್ನಲ್ಲ, ಆ ಪೆಟ್ಟಿಗೆಯನ್ನೂ ಕಿವಿಯನ್ನೂ.

ಪ್ರಾಣಿ ಕಾಣಿಸಲಿಲ್ಲವೆಂದು ದೂರು ಕೊಡುವವರ ಆಸೆ ನನಗೂ ಅರ್ಥವಾಗುತ್ತದೆ. ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದವರಿಗೆ ಪ್ರಾಣಿ ಕಾಣದಿದ್ದರೆ ಬೇಸರವಾಗುವುದು ಸಹಜ. ಆದರೆ ಅದಕ್ಕೆ ಪೊದೆ ಕಡಿಯುವುದಲ್ಲದೆ ಬೇರೆ ದಾರಿಗಳಿವೆ. ಆಹಾರ ಕೊಡುವ ಹೊತ್ತನ್ನು ಫಲಕದಲ್ಲಿ ಬರೆದರೆ ಜನ ಆ ಹೊತ್ತಿಗೇ ಬರುತ್ತಾರೆ. ನೋಡುವವರ ಕಡೆಯೇ ಬಿದಿರಿನ ತಟ್ಟಿಯೊಂದನ್ನು ನಿಲ್ಲಿಸಿ ಅದರಲ್ಲಿ ಮಕ್ಕಳ ಎತ್ತರಕ್ಕೂ ದೊಡ್ಡವರ ಎತ್ತರಕ್ಕೂ ಕಿಂಡಿಗಳನ್ನು ಬಿಟ್ಟರೆ ಪ್ರಾಣಿಗೆ ಗುಂಪು ಕಾಣುವುದಿಲ್ಲ, ಗುಂಪಿಗೆ ಪ್ರಾಣಿ ಕಾಣುತ್ತದೆ. ಗಾಜಿನಿಂದ ಒಂದು ಮಾರು ದೂರದಲ್ಲಿ ಅಡ್ಡಗಂಬಿ ಹಾಕಿದರೆ ಬಡಿಯುವ ಕೈ ಗಾಜನ್ನು ಮುಟ್ಟುವುದಿಲ್ಲ. ಮುಳ್ಳುಹಂದಿಯಂತಹ ರಾತ್ರಿಜೀವಿಗಳ ಗೂಡಿನ ಮೇಲೆ "ಇದು ಹಗಲು ಮಲಗುತ್ತದೆ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಎಷ್ಟೋ ದೂರುಗಳು ಹುಟ್ಟುವುದೇ ಇಲ್ಲ. ಇವ್ಯಾವುವೂ ಸಣ್ಣ ಮೃಗಾಲಯವೊಂದು ಮಾಡಲಾಗದಷ್ಟು ದುಬಾರಿಯಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ಕಾಡಿನಲ್ಲಿ ಹೆಚ್ಚು ದೂರ ಅಲೆಯುವ ಮಾಂಸಾಹಾರಿಗಳೇ ಸೆರೆಯಲ್ಲಿ ಹೆಚ್ಚು ನರಳುತ್ತವೆಂದು 2003ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕಿಯರು 35 ಜಾತಿಗಳ ಮಾಹಿತಿಯನ್ನು ಹೋಲಿಸಿ ತೋರಿಸಿದ್ದರು. ಸಣ್ಣ ಮೃಗಾಲಯಗಳು ಜನರನ್ನು ಸೆಳೆಯಲೆಂದು ದೊಡ್ಡ ಬೇಟೆಗಾರ ಪ್ರಾಣಿಗಳನ್ನು ತರಿಸಿಕೊಳ್ಳುವ ಮುನ್ನ ಈ ಅಂಶವನ್ನು ಗಮನಿಸಬೇಕು. ಈಗಾಗಲೇ ಇರುವ ಚಿರತೆಗೆ ಪೊದೆ ಬೆಳೆಯುವವರೆಗೆ ತಾತ್ಕಾಲಿಕವಾಗಿ ಸೊಪ್ಪಿನ ಕೊಂಬೆಗಳ ಮರೆಯನ್ನಾದರೂ ಕಟ್ಟಿಕೊಡಬೇಕೆಂದೂ, ಎತ್ತರದಲ್ಲಿ ಮಲಗಲು ಅಟ್ಟಣೆ ಹಾಕಿಸಬೇಕೆಂದೂ ಸಂಬಂಧಪಟ್ಟವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅಲ್ಲಿನ ಸಲಹಾ ಪುಸ್ತಕದಲ್ಲೂ ಇದನ್ನೇ ಬರೆದು ಬಂದಿದ್ದೇನೆ. ಮುಂದಿನ ಬಾರಿ ನಾವು ಹೋದಾಗ ಚಿರತೆ ಕಾಣಿಸದೇ ಇದ್ದರೆ ನಾವು ಯಾರೂ ದೂರು ಬರೆಯುವುದಿಲ್ಲ.

ಇಂತಿ,
ಒಬ್ಬ ಓದುಗ